ಅಂಗಡಿಯ ಬೆಳಕು, ಪಡಸಾಲೆಯ ಬೆಳಕು

ಶೆಟ್ಟಿಕೆರೆ ಕಡೆ ಮನೆಗೆ ದೊಡ್ಡ ಸಾಮಾನು ಬರುವುದಕ್ಕೂ ಅಟ್ಟದಿಂದ ಕಾಯಿ ಇಳಿಯುವುದಕ್ಕೂ ನಂಟುಂಟು. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಬೇಕು. ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಿಟುಕು ಗಡಗಡ ಅನ್ನಬೇಕು. ಆಮೇಲೆ ಸುಲಿದು, ಒಡೆದು, ಚೀಲ ಕಟ್ಟಿ ತಿಪಟೂರಿನ ಮಾರುಕಟ್ಟೆಗೆ ಹೊಡೆದರೆ ಕೈಯಲ್ಲಿ ಒಂದಿಷ್ಟು ಗಂಟು. ಸೊಸೈಟಿ ಸಾಲ, ಬೋರ್‌ವೆಲ್ಲು, ನೆಂಟರ ಮದುವೆಯ ಮುಯ್ಯಿ ಎಲ್ಲ ಕಳೆದು ಮಿಕ್ಕರೆ ಟಿವಿಯ ಮಾತು. 2011ರ ವಿಶ್ವಕಪ್ ಕ್ರಿಕೆಟ್ ಹೊತ್ತಿಗೆ ಹೀಗೆ ಮಿಗಿಸಿಕೊಂಡಿದ್ದ ನಮ್ಮ ಭಾವಮೈದ, ಡಬ್ಬದಂಥ ಹಳೇ ಟಿವಿ ತೆಗೆದು ಗೋಡೆಗೆ ನೇತುಹಾಕುವಂಥದು ತರಬೇಕೆಂದು ನನ್ನನ್ನೂ ಜೊತೆಗೆ ಹೊರಡಿಸಿದ.

ಆಗ ಅಂಗಡಿಗಳಲ್ಲಿದ್ದ ಪ್ರಶ್ನೆ ಒಂದೇ: ಪ್ಲಾಸ್ಮಾನೋ, ಎಲ್‌ಸಿಡಿಯೋ?

ಎರಡನ್ನೂ ಅಕ್ಕಪಕ್ಕ ಇಟ್ಟಿದ್ದರು. ಮೇಲೆ ಸಾಲಾಗಿ ಟ್ಯೂಬ್‌ಲೈಟು. ಎಲ್‌ಸಿಡಿಯಲ್ಲಿ ಗಿಳಿ, ಹೂವು, ಸಮುದ್ರ ಕಣ್ಣು ಕುಕ್ಕುತ್ತಿದ್ದವು. ಪ್ಲಾಸ್ಮಾದ ಗಾಜಿನ ಮೇಲೆ ಆ ಟ್ಯೂಬ್‌ಲೈಟುಗಳೇ ಗಿಳಿಗಿಂತ ಚೆನ್ನಾಗಿ ಕಾಣುತ್ತಿದ್ದವು. “ಇದ್ಯಾಕ್ ಭಾವ ಹಿಂಗ್ ಮಂಕಾಗೈತೆ?” ಅಂದ. ಲೈಟು ಆರಿಸಿ ತೋರಿಸಿ ಎಂದು ನಾನು ಕೇಳಿದ್ದಕ್ಕೆ ಅಂಗಡಿಯ ಹುಡುಗ ನಕ್ಕುಬಿಟ್ಟ. ಕೊಬ್ಬರಿ ನೋಡುವವರು ಚೀಲದ ನಡುವಿಗೆ ಕೈ ಹಾಕಿ ಉಂಡೆ ತೆಗೆಯುತ್ತಾರೆಯೇ ಹೊರತು ಮೇಲಿರುವುದನ್ನು ನೋಡಿ ರೇಟು ಹೇಳುವುದಿಲ್ಲ. ಟಿವಿ ಕೊಳ್ಳುವಾಗ ಮಾತ್ರ ನಾವೆಲ್ಲ ಮೇಲಿನ ಉಂಡೆಗೇ ಮರುಳಾಗುತ್ತೇವೆ.

ಪ್ಲಾಸ್ಮಾ ಪರದೆ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಕಂಪ್ಯೂಟರಿನಿಂದ ಪಾಠ ಹೇಳಿಕೊಡುವ ಪ್ಲೇಟೋ ಎಂಬ ಯೋಜನೆಗೆಂದು ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಅದನ್ನು ರೂಪಿಸಿದರು. ಟಿವಿಗೆ ಬಂದ ಪ್ಲಾಸ್ಮಾದಲ್ಲಿ ಎರಡು ಗಾಜುಗಳ ನಡುವೆ ಲಕ್ಷಗಟ್ಟಲೆ ಪುಟ್ಟ ಕೋಶಗಳು, ಅವುಗಳೊಳಗೆ ನಿಯಾನ್, ಕ್ಸೆನಾನ್ ಅನಿಲ. ಕರೆಂಟು ಹಾಯಿಸಿದರೆ ಅನಿಲದಿಂದ ಅತಿನೇರಳೆ ಕಿರಣ ಹೊಮ್ಮಿ, ಕೋಶದ ಗೋಡೆಗೆ ಬಳಿದ ಫಾಸ್ಫರ್ ಲೇಪ ಬೆಳಗುತ್ತದೆ. ಟ್ಯೂಬ್‌ಲೈಟಿನಲ್ಲಿ ನಡೆಯುವುದೂ ಇದೇ ಜಾತಿಯ ಕೆಲಸ. ಚಿತ್ರದಲ್ಲಿ ಎಲ್ಲಿ ಕಪ್ಪು ಬೇಕೋ ಅಲ್ಲಿನ ಕೋಶ ಹೆಚ್ಚುಕಡಿಮೆ ಆರಿಯೇ ಹೋಗುತ್ತದೆ. ಎಲ್‌ಸಿಡಿಯ ಲೆಕ್ಕ ಬೇರೆ. ಅಲ್ಲಿ ಹಿಂದೊಂದು ದೀಪ ಸದಾ ಉರಿಯುತ್ತಿರುತ್ತದೆ, ದ್ರವಸ್ಫಟಿಕದ ಪದರ ಆ ಬೆಳಕನ್ನು ಬೇಕಾದಲ್ಲಿ ಬಿಡುತ್ತದೆ, ಬೇಡವಾದಲ್ಲಿ ತಡೆಯುತ್ತದೆ. ಪೂರ್ತಿ ತಡೆಯಲಾರದು, ಒಂದಿಷ್ಟು ಸೋರುತ್ತದೆ. ರಾತ್ರಿಯ ದೃಶ್ಯದಲ್ಲಿ ಯಾರಾದರೂ ಕರಿ ಕಂಬಳಿ ಹೊದ್ದು ಬಂದರೆ ಪ್ಲಾಸ್ಮಾದಲ್ಲಿ ಅದು ಕಂಬಳಿ, ಮಡಿಕೆ ಮಡಿಕೆಯೂ ಗೊತ್ತಾಗುತ್ತದೆ. ಅಂದಿನ ಎಲ್‌ಸಿಡಿಯಲ್ಲಿ ಬೂದಿ ಬಣ್ಣದ ಯಾವುದೋ ಬಟ್ಟೆ. ಬೌಂಡರಿಗೆ ಓಡುವ ಚೆಂಡಿನ ಹಿಂದೆ ಎಲ್‌ಸಿಡಿ ಬಾಲ ಬಿಡಿಸುತ್ತಿತ್ತು, ಪ್ಲಾಸ್ಮಾದಲ್ಲಿ ಚೆಂಡು ಚೆಂಡಾಗಿಯೇ ಇರುತ್ತಿತ್ತು. ಸಾಲದ್ದಕ್ಕೆ, ನಲವತ್ತೆರಡು ಇಂಚಿನಂಥ ದೊಡ್ಡ ಅಳತೆಯಲ್ಲಿ ಪ್ಲಾಸ್ಮಾ ಅಗ್ಗವೂ ಆಗಿತ್ತು. ಚಿತ್ರವೊಂದನ್ನೇ ಕೇಳಿದರೆ ಆ ಕಾಲದಲ್ಲಿ ಪ್ಲಾಸ್ಮಾ ಮೇಲು. ಈ ಮಾತನ್ನು ಈಗಲೂ ಹಿಂದೆಗೆದುಕೊಳ್ಳುವುದಿಲ್ಲ.

ಆದರೆ ಟಿವಿ ನೋಡುವುದು ಮನೆಯಲ್ಲಿ, ಮನೆಯಿರುವುದು ಶೆಟ್ಟಿಕೆರೆಯಲ್ಲಿ. ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡಿದರೆ ಮನೆಯ ಬಲ್ಬು ಕೆಂಪಗಾಗುತ್ತಿದ್ದ ದಿನಗಳವು. ಯುಪಿಎಸ್ ಇದ್ದರೂ ಅದು ಎರಡು ಫ್ಯಾನು, ನಾಲ್ಕು ಲೈಟಿಗೆ ಸಾಕು ಅನ್ನುವಷ್ಟು. ಪ್ಲಾಸ್ಮಾ ಕುಡಿಯುವ ಕರೆಂಟು ಚಿತ್ರದ ಮೇಲೆ ಹೋಗುತ್ತದೆ: ಕತ್ತಲ ದೃಶ್ಯಕ್ಕೆ ಕಡಿಮೆ, ಬೆಳಗುವ ದೃಶ್ಯಕ್ಕೆ ಜಾಸ್ತಿ. ಕ್ರಿಕೆಟ್ ಎಂದರೆ ದಿನವಿಡೀ ಥಳಥಳಿಸುವ ಹಸಿರು. ಫೆಬ್ರುವರಿ 27ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ, ಇಂಗ್ಲೆಂಡ್ ಎರಡೂ 338 ರನ್ ಹೊಡೆದು ಪಂದ್ಯ ಟೈ ಆಯಿತಲ್ಲ, ಆ ಕೊನೆಯ ಓವರಿನಲ್ಲಿ ಕರೆಂಟು ಹೋಗಿ ಯುಪಿಎಸ್ಸೂ ಕೈಕೊಟ್ಟಿದ್ದರೆ ಕರಿ ಕಂಬಳಿಯ ಚೆಲುವನ್ನು ಯಾರು ಕೇಳುತ್ತಿದ್ದರು?

ಇನ್ನೊಂದು ತೊಡಕು ಸುದ್ದಿ ವಾಹಿನಿಗಳದು. ಪ್ಲಾಸ್ಮಾದಲ್ಲಿ ಅಲುಗಾಡದ ಗುರುತೊಂದು ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಅದರ ನೆರಳು ಅಲ್ಲೇ ಕೂತುಬಿಡುತ್ತದೆ. ನಮ್ಮ ಇಪ್ಪತ್ನಾಲ್ಕು ಗಂಟೆಯ ವಾಹಿನಿಗಳ ‘ಬ್ರೇಕಿಂಗ್ ನ್ಯೂಸ್’ ಪಟ್ಟಿ ಮುಂಜಾನೆ ಹತ್ತಿದ್ದು ಮಲಗುವವರೆಗೂ ಇಳಿಯುವುದಿಲ್ಲ. (ಪಟ್ಟಿಯೊಳಗಿನ ಸುದ್ದಿ ಯಾರ ತಲೆಯಲ್ಲೂ ಕೂರುವುದಿಲ್ಲ, ಆ ಮಾತು ಬೇರೆ.) ಇನ್ನು ಅಂಗಡಿಯವರು ಹಾಡಿ ಹೊಗಳುತ್ತಿದ್ದ ‘ಫುಲ್ ಎಚ್‌ಡಿ’ ಕತೆ. ನಮ್ಮ ಕೇಬಲ್ಲಿನಲ್ಲಿ ಬರುತ್ತಿದ್ದುದು 625 ಗೆರೆಯ ಹಳೇ ಸಂಕೇತ, ಅದರಲ್ಲಿ ಚಿತ್ರಕ್ಕೆ ಸಿಗುವುದು 576. ಪರದೆಯಲ್ಲಿ 1080 ಗೆರೆ ಇದ್ದರೂ ಬಂದದ್ದಕ್ಕಿಂತ ಹೆಚ್ಚೇನೂ ಕಾಣದು. ದೊಡ್ಡದಾದಷ್ಟೂ ಮಸುಕು ಎದ್ದು ಕಾಣುತ್ತದೆ.

ನನ್ನ ಆಸಕ್ತಿಯೆಲ್ಲ ಮತ್ತೊಂದು ಸಂಗತಿಯ ಮೇಲೆ. ಎಲ್‌ಸಿಡಿಯನ್ನು ಓರೆಯಲ್ಲಿ ಕೂತು ನೋಡಿದರೆ ಬಣ್ಣ ಕೆಡುತ್ತದೆ ಎಂಬ ದೂರು ಮೊದಲಿನಿಂದಲೂ ಇತ್ತು. ನಮ್ಮ ಪಡಸಾಲೆಯಲ್ಲಿ ಟಿವಿಯ ಎದುರಿಗೇ ಕೂರುವವರು ಯಾರು? ಅಜ್ಜಿ ಕಂಬದ ಪಕ್ಕ, ಮಕ್ಕಳು ಚಾಪೆಯ ಮೇಲೆ, ಅಡಿಗೆಮನೆಯ ಬಾಗಿಲಲ್ಲಿ ಅರ್ಧ ನಿಂತವರು, ಜಗಲಿಯಿಂದ ಇಣುಕುವ ಪಕ್ಕದ ಮನೆಯವರು, ಎಲ್ಲ ಓರೆಯೇ. ಈ ಓರೆನೋಟವನ್ನು ತಿದ್ದಿದ ಕತೆಯ ಒಂದು ಎಳೆ ಬೆಂಗಳೂರಿನದು.

ದ್ರವಸ್ಫಟಿಕವನ್ನು ಮೊದಲು ಗಮನಿಸಿದವನು ಫ್ರೀಡ್ರಿಖ್ ರೈನಿಟ್ಜರ್ ಎಂಬ ಸಸ್ಯಶಾಸ್ತ್ರಜ್ಞ, 1888ರಲ್ಲಿ, ಪ್ರಾಗ್ ನಗರದಲ್ಲಿ. ಕ್ಯಾರೆಟ್ಟಿನಿಂದ ತೆಗೆದ ಕೊಲೆಸ್ಟರಾಲಿನ ಒಂದು ಸಂಯುಕ್ತ ಎರಡು ಸಲ ಕರಗಿದ್ದು ಕಂಡು ಅವನು ಬೆರಗಾದ: 145 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಕದಡಿದ ದ್ರವ, 178 ದಾಟಿದ ಮೇಲೆ ತಿಳಿ. ಮುಂದೆ ಸುಮಾರು ತೊಂಬತ್ತು ವರ್ಷ, ಇಂಥ ಸ್ಥಿತಿಗೆ ಬರಲು ಅಣುಗಳು ಕಡ್ಡಿಯಂತೆ ಉದ್ದಕ್ಕಿರಬೇಕು ಎಂದೇ ಎಲ್ಲರ ಎಣಿಕೆ. ಅದನ್ನು ಮುರಿದವರು ಎಸ್. ಚಂದ್ರಶೇಖರ್. ನೊಬೆಲ್ ಪಡೆದ ಖಗೋಳ ವಿಜ್ಞಾನಿ ಚಂದ್ರಶೇಖರ್ ಬೇರೆ, ಇವರು ಬೇರೆ, ಇಬ್ಬರೂ ಸಿ.ವಿ. ರಾಮನ್ ಅವರ ಸಂಬಂಧಿಗಳೇ, ಹಾಗಾಗಿ ಗೊಂದಲ ತಪ್ಪಿದ್ದಲ್ಲ. ಇವರು 1961ರಿಂದ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಅಲ್ಲಿ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರೊಂದಿಗೆ, ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ಕೂತು ಕಂಬ ಕಟ್ಟಿ ದ್ರವಸ್ಫಟಿಕವಾಗುತ್ತವೆ ಎಂದು 1977ರಲ್ಲಿ ತೋರಿಸಿದರು. ಬರಹ ಅಚ್ಚಾದದ್ದು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ. ಮುಂದೆ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆಯಣುಗಳ ತೆಳು ಪದರ ಮಾಡಿ ಎಲ್‌ಸಿಡಿಗೆ ಅಂಟಿಸಿತು. ಓರೆಯಾಗಿ ಹೊರಡುವ ಬೆಳಕಿನ ಸೊಟ್ಟನ್ನು ಆ ಪದರ ನೇರ ಮಾಡುತ್ತದೆ. ಅದು ಹೆಚ್ಚಾಗಿ ಬಳಕೆಯಾದದ್ದು ಕಂಪ್ಯೂಟರ್ ಪರದೆಗಳಲ್ಲಿ. ದೊಡ್ಡ ಟಿವಿಯವರು ಸ್ಫಟಿಕವನ್ನು ಜೋಡಿಸುವ ಬೇರೆ ವಿಧಾನಗಳಿಂದ ಅದೇ ಗುರಿ ಮುಟ್ಟಿದರು. ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು. ಇಷ್ಟಾದರೂ ಪರದೆಯ ಕಾರ್ಖಾನೆಗಳು ಬೆಳೆದದ್ದು ಜಪಾನ್, ಕೊರಿಯಾ, ತೈವಾನ್, ಚೀನಾದಲ್ಲಿ. ಅದು ನನಗೆ ಇಂದಿಗೂ ಒಗಟು, ಸ್ವಲ್ಪ ಹೊಟ್ಟೆಯುರಿಯೂ ಹೌದು.

ಭಾವಮೈದ ಎಲ್‌ಸಿಡಿಯನ್ನೇ ತಂದ. ಮೂವತ್ತೆರಡು ಇಂಚು ಅವನ ಗೋಡೆಗೆ ಹೇಳಿಮಾಡಿಸಿದ್ದು. ಅಷ್ಟು ಸಣ್ಣ ಅಳತೆಯಲ್ಲಿ ಪ್ಲಾಸ್ಮಾ ಸಿಗುವುದೇ ಅಪರೂಪವಾಗಿತ್ತು. ಜಗತ್ತಿನ ತೀರ್ಪೂ ಅದೇ ಆಯಿತು. ಒಳ್ಳೆಯ ಪ್ಲಾಸ್ಮಾಕ್ಕೆ ಹೆಸರಾಗಿದ್ದ ಪಯೊನೀರ್ 2009ರಲ್ಲೇ ಟಿವಿ ಬಿಡುವುದಾಗಿ ಹೇಳಿತ್ತು, ಪ್ಯಾನಸಾನಿಕ್ 2013ರ ಕೊನೆಗೆ ತಯಾರಿಕೆ ನಿಲ್ಲಿಸಿತು, ಮರುವರ್ಷ ಸ್ಯಾಮ್‌ಸಂಗ್ ಕೂಡ.

ಈಗ ಹುಡುಗರು ಕೇಳುವುದು ಓಎಲ್‌ಇಡಿಯೋ, ಕ್ಯೂಎಲ್‌ಇಡಿಯೋ ಎಂದು. ಹೆಸರು ಹೊಸದು, ಜಗಳ ಹಳೆಯದೇ. ಕ್ಯೂಎಲ್‌ಇಡಿ ಎಂದರೆ ಎಲ್‌ಸಿಡಿಯೇ, ಹಿಂದಿನ ಬೆಳಕಿನ ಬಣ್ಣ ತಿದ್ದಲು ಒಂದು ಪದರ ಹೆಚ್ಚು ಅಷ್ಟೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗಿ ತಾನೇ ಆರುತ್ತದೆ. ಪ್ಲಾಸ್ಮಾದ ಕಪ್ಪು ಅಲ್ಲಿ ಮರಳಿ ಬಂದಿದೆ, ಗುರುತು ಕೂರುವ ಭಯವೂ ಒಂದಿಷ್ಟು ಜೊತೆಗೆ ಬಂದಿದೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವ ಮನೆಗೆ ಅದು ಸರಿ. ಬೀದಿ ಬಾಗಿಲು ತೆರೆದಿಟ್ಟು ಹಗಲೆಲ್ಲ ಸುದ್ದಿ ಹಾಕಿಕೊಳ್ಳುವ ಮನೆಗೆ ಎಲ್‌ಸಿಡಿಯೇ ಸಾಕು. ಎರಡರಲ್ಲಿ ಯಾವುದಾದರೂ ಕಂತು ಕಟ್ಟುವ ಮೊದಲು ‘ಪ್ಯಾನೆಲ್ ಹೋದರೆ ಹಾಕಿಸಲು ಎಷ್ಟು?’ ಎಂದು ಕೇಳಿ. ಹಳೇ ಡಬ್ಬದಲ್ಲಿ ಎಲ್‌ಓಟಿ ಅನ್ನುವ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮೆಕ್ಯಾನಿಕ್ ಸಂಜೆಯೊಳಗೆ ಬೇರೆ ಹಾಕಿ ಕೊಡುತ್ತಿದ್ದ. ಪ್ಯಾನೆಲ್ಲಿಗೆ ಆ ಮಾತಿಲ್ಲ; ಅದರ ಬೆಲೆ ಹೇಳುವುದಕ್ಕೆ ಬದಲು ಅಂಗಡಿಯವರು ಹೊಸ ಟಿವಿಯ ಆಫರ್ ಹೇಳುತ್ತಾರೆ.