ಗೆದ್ದರೆ ಕನಸಿನ ಟೂರ್ನಿ, ಆದರೂ ಸ್ಟಾರ್ ಆಟಗಾರನನ್ನು ಕೂರಿಸಿದ ಕೋಚ್! ಇದು ಸರಿಯೇ?

"ಒಂದೇ ಪಂದ್ಯದಲ್ಲಿ 250 ಎಸೆತ! ಆದರೂ ಈ ಹುಡುಗ ಸೋಲೊಪ್ಪಲಿಲ್ಲ. ಛಲ ಅಂದ್ರೆ ಇದು. ನಿಮ್ಮ ಮಕ್ಕಳಿಗೂ ತೋರಿಸಿ."

ಇಂಥ ಸಂದೇಶ ನಿಮ್ಮ ಫೋನಿಗೆ ಬಂದರೆ ಫಾರ್ವರ್ಡ್ ಮಾಡುತ್ತೀರಾ? ಮಾಡುವ ಮುನ್ನ ಎರಡು ನಿಮಿಷ ಇದನ್ನು ಓದಿ. ಘಟನೆ ಸುಳ್ಳಲ್ಲ. ಆದರೆ ಅದರಿಂದ ಕಲಿಯಬೇಕಾದ ಪಾಠ ಬೇರೆಯೇ ಇದೆ.

ಮೊದಲು ಆಟದ ಬಗ್ಗೆ ಸ್ವಲ್ಪ

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಪಿಚರ್. ಕ್ರಿಕೆಟ್‌ನಲ್ಲಿ ಆರು ಎಸೆತವಾದ ಮೇಲೆ ಬೇರೆ ಬೌಲರ್ ಬರಲೇಬೇಕು. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಕೋಚ್ ಬದಲಿಸುವ ತನಕ ಒಬ್ಬನೇ ಎಸೆಯುತ್ತಾ ಹೋಗಬಹುದು. ಹಾಗಾಗಿ ಪಂದ್ಯದ ಕೊನೆಯ ಹಂತದಲ್ಲಿ ಕೋಚ್ ಮುಂದೆ ಪ್ರತಿ ಸಲವೂ ಇದೇ ಪ್ರಶ್ನೆ: ದಣಿದಿರುವ ನನ್ನ ಅತ್ಯುತ್ತಮ ಪಿಚರ್‌ನನ್ನೇ ಮುಂದುವರಿಸಲಾ, ಇಲ್ಲ ಇನ್ನೊಬ್ಬನನ್ನು ಕರೆಯಲಾ?

ಎರಡು ಕಥೆ, ಎರಡು ತೀರ್ಮಾನ

ಜಪಾನಿನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಕೋಶಿಯೆನ್ ಎಂಬ ಕ್ರೀಡಾಂಗಣದಲ್ಲಿ ಪ್ರೌಢಶಾಲಾ ಬೇಸ್‌ಬಾಲ್ ಟೂರ್ನಿ ನಡೆಯುತ್ತದೆ. ಇಡೀ ದೇಶವೇ ಟಿವಿ ಮುಂದೆ ಕೂರುತ್ತದೆ. ಒಂದು ಪಂದ್ಯ ಸೋತರೂ ಮನೆಗೆ. ಸೋತ ಹುಡುಗರು ಅಳುತ್ತಾ ಆ ಮೈದಾನದ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ.

1998ರಲ್ಲಿ ಯೊಕೊಹಾಮಾ ಶಾಲೆಯ ದೈಸುಕೆ ಮಾತ್ಸುಜಾಕಾ ಇಲ್ಲಿ ಹಿಂದಿನ ದಿನವಷ್ಟೇ ಪೂರ್ತಿ ಪಂದ್ಯ ಎಸೆದಿದ್ದ. ಮರುದಿನ ಕ್ವಾರ್ಟರ್ ಫೈನಲ್ 17 ಇನ್ನಿಂಗ್ಸ್‌ಗೆ ಎಳೆಯಿತು. ಅದರಲ್ಲಿ ಅವನೊಬ್ಬನೇ ಎಸೆದದ್ದು 250 ಎಸೆತ. ಅದರ ಮರುದಿನ ಸೆಮಿಫೈನಲ್‌ನಲ್ಲಿ ಕೊನೆಗೊಂದು ಇನ್ನಿಂಗ್ಸ್ ಎಸೆದ. ಫೈನಲ್‌ನಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಕೂಡ ಬಿಟ್ಟುಕೊಡಲಿಲ್ಲ. ದಂತಕಥೆಯಾದ.

2019ರಲ್ಲಿ ಇವಾತೆ ಪ್ರಾಂತ್ಯದ ಓಫುನಾತೊ ಶಾಲೆಯಲ್ಲಿ ರೋಕಿ ಸಸಾಕಿ ಎಂಬ ಹುಡುಗನಿದ್ದ. ಅವನ ವೇಗ ಗಂಟೆಗೆ 163 ಕಿಲೋಮೀಟರ್. ಇನ್ನೊಂದು ಪಂದ್ಯ ಗೆದ್ದರೆ ಆ ಶಾಲೆಗೆ 35 ವರ್ಷಗಳ ಬಳಿಕ ಕೋಶಿಯೆನ್ ಪ್ರವೇಶ. ಆದರೆ ಸಸಾಕಿ ನಾಲ್ಕು ದಿನಗಳ ಹಿಂದೆ 194 ಎಸೆತ ಎಸೆದಿದ್ದ, ಹಿಂದಿನ ದಿನ ಸೆಮಿಫೈನಲ್‌ನಲ್ಲಿ 129. ಕೋಚ್ ಯೋಹೆಯಿ ಕೊಕುಬೊ ಫೈನಲ್‌ನಲ್ಲಿ ಅವನನ್ನು ಕಣಕ್ಕೆ ಇಳಿಸಲೇ ಇಲ್ಲ. ಗಾಯವಾಗುವುದನ್ನು ತಪ್ಪಿಸಲು ಹೀಗೆ ಮಾಡಿದೆ ಎಂದರು. ತಂಡ 12-2ರಿಂದ ಸೋತಿತು. ಶಾಲೆಗೆ ಸಿಟ್ಟಿನ ಫೋನ್ ಕರೆಗಳು ಬಂದವು. "ಆ ಹುಡುಗರ ಕನಸು ಹಾಳು ಮಾಡಿದಿರಿ" ಎಂಬುದು ಹಲವರ ದೂರು.

ಯಾರು ಸರಿ? ಉತ್ತರ ಮೊಣಕೈ ಒಳಗಿದೆ.

ಎಸೆದಾಗ ತೋಳಿನೊಳಗೆ ಏನಾಗುತ್ತದೆ?

ಪಿಚರ್ ಎಸೆಯುವಾಗ ಭುಜ ತಿರುಗುವ ವೇಗ ಸೆಕೆಂಡಿಗೆ ಸುಮಾರು 7000 ಡಿಗ್ರಿ. ಅಂದರೆ ಅದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಒಂದು ಸೆಕೆಂಡಿನಲ್ಲಿ 19 ಸುತ್ತು! ಮನುಷ್ಯ ದೇಹದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು.

ಈ ಎಳೆತವನ್ನು ತಡೆಯುವುದು ಮೊಣಕೈ ಒಳಬದಿಯ ಒಂದು ಪುಟ್ಟ ಅಸ್ಥಿರಜ್ಜು, ಅಂದರೆ ಮೂಳೆ ಮೂಳೆಯನ್ನು ಕಟ್ಟಿ ಹಿಡಿಯುವ ಪಟ್ಟಿ. ಪ್ರಯೋಗಾಲಯದ ಅಳತೆಗಳ ಪ್ರಕಾರ ಜೋರಾಗಿ ಎಸೆದಾಗ ಬೀಳುವ ಒತ್ತಡ ಆ ಪಟ್ಟಿ ಒಂಟಿಯಾಗಿ ತಾಳುವುದಕ್ಕಿಂತ ಹೆಚ್ಚು. ಹಾಗಾದರೆ ಮೊದಲ ಎಸೆತಕ್ಕೇ ಯಾಕೆ ಹರಿಯುವುದಿಲ್ಲ? ಸುತ್ತಲಿನ ಸ್ನಾಯುಗಳು ಭಾರವನ್ನು ಹಂಚಿಕೊಳ್ಳುತ್ತವೆ. ಸ್ನಾಯು ದಣಿದರೆ ಈ ಸಹಾಯ ಕಡಿಮೆಯಾಗುತ್ತದೆ. ಸಣ್ಣ ಸಣ್ಣ ಸೀಳು ಬೀಳುತ್ತವೆ. ವಿಶ್ರಾಂತಿ ಸಿಕ್ಕರೆ ಮಾಗುತ್ತವೆ, ಸಿಗದಿದ್ದರೆ ಸೇರುತ್ತಾ ಹೋಗುತ್ತವೆ. ಬಾವಿಯ ಹಗ್ಗ ಒಂದೇ ಸಲ ಹರಿಯುವುದಿಲ್ಲ, ಎಳೆ ಎಳೆಯಾಗಿ ಸವೆದು ಒಂದು ದಿನ ಹರಿಯುತ್ತದಲ್ಲ, ಹಾಗೆ. ಬೆಳೆಯುವ ವಯಸ್ಸಿನಲ್ಲಿ ಇನ್ನೊಂದು ಅಪಾಯ: ಮೂಳೆಯ ತುದಿಯ ಎಳೆಯ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ.

ನಂಬಿಕೆ 1: "ಚೆನ್ನಾಗಿದೀನಿ ಸರ್ ಅಂದ್ನಲ್ಲ, ಎಸೀಲಿ ಬಿಡಿ"

ಗೆಲುವು ಎದುರಿಗಿರುವಾಗ "ನನಗೆ ಸುಸ್ತಾಗಿದೆ" ಎಂದು ಯಾವ ಹುಡುಗ ಹೇಳುತ್ತಾನೆ? 2006ರ ಒಂದು ಅಮೆರಿಕನ್ ಅಧ್ಯಯನ ಮೊಣಕೈ ಅಥವಾ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 95 ಹದಿಹರೆಯದ ಪಿಚರ್‌ಗಳನ್ನು ಗಾಯವಾಗದ 45 ಮಂದಿಯ ಜೊತೆ ಹೋಲಿಸಿತು. ತೋಳು ದಣಿದಿದ್ದರೂ ಪದೇ ಪದೇ ಎಸೆಯುತ್ತಿದ್ದವರು ಶಸ್ತ್ರಚಿಕಿತ್ಸೆಯ ಗುಂಪಿಗೆ ಸೇರುವ ಸಾಧ್ಯತೆ 36 ಪಟ್ಟು ಹೆಚ್ಚಿತ್ತು. ಆದ್ದರಿಂದ ಹುಡುಗನ ಮಾತಿಗಿಂತ ಅವನ ಎಸೆತ ನೋಡಬೇಕು: ವೇಗ ಇಳಿಯಿತೇ? ಚೆಂಡು ಮೇಲೆ ಮೇಲೆ ಹೋಗುತ್ತಿದೆಯೇ? ಎಸೆಯುವಾಗ ಮೊಣಕೈ ಕೆಳಗಿಳಿಯಿತೇ? ಎಸೆತದ ನಡುವೆ ತೋಳು ಒದರಿಕೊಳ್ಳುತ್ತಿದ್ದಾನೆಯೇ?

ನಂಬಿಕೆ 2: "ಕರ್ವ್ ಬಾಲ್ ಎಸೆದರೆ ಮಾತ್ರ ಕೈ ಹಾಳು"

ತಿರುಗುವ ಚೆಂಡೇ ಖಳನಾಯಕ ಎಂದು ತುಂಬಾ ಜನ ನಂಬಿದ್ದಾರೆ. ಆದರೆ ಅಳೆದು ನೋಡಿದಾಗ ಮೊಣಕೈ ಮೇಲೆ ಹೆಚ್ಚು ಒತ್ತಡ ಬಿದ್ದದ್ದು ಜೋರಾದ ನೇರ ಎಸೆತದಲ್ಲಿ. ಒಟ್ಟು ಎಷ್ಟು ಎಸೆದರು ಎಂಬುದೇ ಮುಖ್ಯ. 9ರಿಂದ 14 ವರ್ಷದ 481 ಪಿಚರ್‌ಗಳನ್ನು ಹತ್ತು ವರ್ಷ ಗಮನಿಸಿದ ಅಧ್ಯಯನದಲ್ಲಿ, ವರ್ಷಕ್ಕೆ 100 ಇನ್ನಿಂಗ್ಸ್‌ಗಿಂತ ಹೆಚ್ಚು ಎಸೆದವರಿಗೆ ಗಂಭೀರ ಗಾಯದ ಅಪಾಯ 3.5 ಪಟ್ಟು ಹೆಚ್ಚಿತ್ತು.

ನಂಬಿಕೆ 3: "ಆಪರೇಷನ್ ಮಾಡಿಸಿದರೆ ಇನ್ನೂ ಜೋರಾಗಿ ಎಸೆಯಬಹುದು"

1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ನ ಮುಂಗೈಯ ಸ್ನಾಯುರಜ್ಜು ತೆಗೆದು ಹರಿದ ಮೊಣಕೈಗೆ ಕಸಿ ಮಾಡಿದರು. ಟಾಮಿ ಜಾನ್ 1976ರಲ್ಲಿ ಮರಳಿ ಬಂದು 1989ರವರೆಗೂ ಆಡಿದರು. ಅಂದಿನಿಂದ ಆ ಶಸ್ತ್ರಚಿಕಿತ್ಸೆಗೆ ಅವರದೇ ಹೆಸರು. ಇದು ಹರಿದದ್ದನ್ನು ಸರಿಪಡಿಸುವ ಚಿಕಿತ್ಸೆ, ವೇಗ ಹೆಚ್ಚಿಸುವ ಮಂತ್ರವಲ್ಲ. ಚೇತರಿಸಿಕೊಳ್ಳಲು ಒಂದು ವರ್ಷ ಅಥವಾ ಇನ್ನೂ ಹೆಚ್ಚು ಬೇಕು. ಮತ್ತೆ ಮೊದಲಿನಂತೆ ಆಡಲಾಗದವರೂ ಇದ್ದಾರೆ.

ಗೆಲ್ಲಲಾದರೂ ಇದು ಸರಿಯಾದ ದಾರಿಯೇ?

ಆರೋಗ್ಯ ಪಕ್ಕಕ್ಕಿಡಿ, ಪಂದ್ಯ ಗೆಲ್ಲುವ ಲೆಕ್ಕವನ್ನೇ ನೋಡಿ. ಒಂದೇ ಪಂದ್ಯದಲ್ಲಿ ಒಬ್ಬ ಪಿಚರ್‌ನನ್ನು ಮೂರನೇ ಸಲ ಎದುರಿಸುವಾಗ ಬ್ಯಾಟರ್‌ಗಳು ಚೆನ್ನಾಗಿ ಹೊಡೆಯುತ್ತಾರೆ ಎಂದು ವೃತ್ತಿಪರ ಲೀಗ್‌ನ ಅಂಕಿಅಂಶಗಳೇ ಹೇಳುತ್ತವೆ. ಎಸೆತ ಅವರಿಗೆ ಪರಿಚಿತ, ತೋಳು ದಣಿದಿದೆ.

2013ರ ವಸಂತದ ಕೋಶಿಯೆನ್‌ನಲ್ಲಿ 16 ವರ್ಷದ ತೊಮೊಹಿರೊ ಅನ್ರಾಕು 5 ಪಂದ್ಯಗಳಲ್ಲಿ 772 ಎಸೆತ ಎಸೆದ. ಫೈನಲ್‌ನಲ್ಲಿ ಅವನ ತಂಡ 17-1ರಿಂದ ಸೋತಿತು. 2018ರಲ್ಲಿ ಕೋಸೆಯಿ ಯೋಶಿದಾ 6 ಪಂದ್ಯಗಳಲ್ಲಿ 881 ಎಸೆತ ಎಸೆದ. ಫೈನಲ್ ಫಲಿತಾಂಶ 13-2, ಸೋಲು. ಅತಿಯಾದರೆ ಅಮೃತವೂ ವಿಷ.

"ಮಾತ್ಸುಜಾಕಾಗೆ ಏನೂ ಆಗಲಿಲ್ಲವಲ್ಲ?"

ಮಾತ್ಸುಜಾಕಾ ಅಮೆರಿಕಕ್ಕೆ ಹೋಗಿ 2007ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದ. 2011ರಲ್ಲಿ ಅವನಿಗೂ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಯಿತು. ಅದಕ್ಕೆ ಆ 250 ಎಸೆತಗಳೇ ಕಾರಣ ಎನ್ನಲಾಗದು. ಆದರೆ "ಅವನಿಗೆ ಏನೂ ಆಗಲಿಲ್ಲ" ಎಂಬುದಂತೂ ನಿಜವಲ್ಲ. ಇನ್ನೊಂದು ಮಾತು: ಗೆದ್ದವನ ಕಥೆ ಫಾರ್ವರ್ಡ್ ಆಗುತ್ತದೆ. ಹದಿನೇಳಕ್ಕೇ ಕೈ ಕಳೆದುಕೊಂಡು ಆಟ ಬಿಟ್ಟವನ ವಿಡಿಯೋ ಯಾರೂ ಮಾಡುವುದಿಲ್ಲ.

ಸಸಾಕಿ? 2022ರ ಏಪ್ರಿಲ್‌ನಲ್ಲಿ, 20ನೇ ವಯಸ್ಸಿಗೆ, ಎದುರಾಳಿಗಳಲ್ಲಿ ಒಬ್ಬನನ್ನೂ ಬೇಸ್ ತಲುಪಲು ಬಿಡದ 'ಪರ್ಫೆಕ್ಟ್ ಗೇಮ್' ಎಸೆದ. 2025ರಲ್ಲಿ ಅಮೆರಿಕದ ಡಾಡ್ಜರ್ಸ್ ತಂಡ ಸೇರಿದ. ಅಲ್ಲಿ ಅವನಿಗೂ ಭುಜದ ತೊಂದರೆ ಕಾಡಿತು. ಅಂದರೆ ಒಂದು ದಿನದ ವಿಶ್ರಾಂತಿ ಜೀವನಪೂರ್ತಿ ಗ್ಯಾರಂಟಿ ಕೊಡುವುದಿಲ್ಲ, ಅಪಾಯವನ್ನು ಕಡಿಮೆ ಮಾಡುತ್ತದೆ ಅಷ್ಟೇ. ಕೊಕುಬೊ ಅವರನ್ನು ಕೇಳಬೇಕಾದ ಪ್ರಶ್ನೆಯೂ ಒಂದಿದೆ: ಫೈನಲ್‌ನಲ್ಲಿ ತಡೆದವರು, ಆ 194 ಎಸೆತದ ದಿನ ಏಕೆ ತಡೆಯಲಿಲ್ಲ? ಕೊನೆಯ ಗಳಿಗೆಯ ಕಠಿಣ ತೀರ್ಮಾನ ಬರುವುದೇ ಮೊದಲಿನ ತೀರ್ಮಾನಗಳಿಂದ.

ಅದಕ್ಕೇ ನಿಯಮ ಬೇಕು

ಅಮೆರಿಕದಲ್ಲಿ 2017ರಿಂದ ಪ್ರೌಢಶಾಲಾ ಪಂದ್ಯಗಳಿಗೆ ಪ್ರತಿ ರಾಜ್ಯವೂ ಎಸೆತದ ಮಿತಿ ಹಾಕಲೇಬೇಕು. ಅಲ್ಲಿನ 'ಪಿಚ್ ಸ್ಮಾರ್ಟ್' ಸಲಹೆಯಂತೆ 17-18 ವರ್ಷದವರು ದಿನಕ್ಕೆ 105 ಎಸೆತ ಮೀರಬಾರದು. ಜಪಾನ್ 2020ರಲ್ಲಿ ವಾರಕ್ಕೆ 500 ಎಸೆತದ ಮಿತಿ ತಂದಿತು. ಇದರಲ್ಲೂ ತೂತುಗಳಿವೆ. ವಾರದ ಮಿತಿಯೊಂದೇ ಇದ್ದರೆ ಒಂದೇ ದಿನ 200 ಎಸೆದರೂ ನಿಯಮ ಮುರಿದಂತಾಗುವುದಿಲ್ಲ. ಪಂದ್ಯಕ್ಕೆ ಮುಂಚಿನ ಅಭ್ಯಾಸದ ಎಸೆತ ಲೆಕ್ಕಕ್ಕೆ ಬರುವುದಿಲ್ಲ. ಆದರೂ ನಿಯಮದಿಂದ ದೊಡ್ಡ ಉಪಕಾರವೊಂದಿದೆ: "ನಾನು ಬಿಟ್ಟುಕೊಟ್ಟೆ" ಎಂಬ ಅಪವಾದ ಹುಡುಗನ ಮೇಲೂ ಇಲ್ಲ, ಕೋಚ್ ಮೇಲೂ ಇಲ್ಲ.

ನಮಗೇನು ಸಂಬಂಧ?

ನಮ್ಮಲ್ಲಿ ಬೇಸ್‌ಬಾಲ್ ಕಡಿಮೆ, ಕ್ರಿಕೆಟ್ ಮನೆ ಮನೆಯಲ್ಲಿದೆ. ಹದಿಹರೆಯದ ವೇಗದ ಬೌಲರ್‌ಗಳಿಗೆ ಅತಿಯಾದ ಬೌಲಿಂಗ್‌ನಿಂದ ಬೆನ್ನಿನ ಮೂಳೆಯಲ್ಲಿ ಸಣ್ಣ ಬಿರುಕು ಬೀಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ವಯಸ್ಸಿಗೆ ತಕ್ಕಂತೆ ಓವರ್ ಮಿತಿ ಹಾಕಿರುವುದು ಇದಕ್ಕೇ. ನಿಮ್ಮ ಮಗ ಅಥವಾ ಮಗಳು ಬೌಲಿಂಗ್ ಮಾಡುತ್ತಿದ್ದರೆ ಇಷ್ಟು ಮಾಡಿ:

• ಶಾಲೆ, ಅಕಾಡೆಮಿ, ಬೀದಿ ಪಂದ್ಯ ಎಲ್ಲ ಸೇರಿ ವಾರಕ್ಕೆ ಎಷ್ಟು ಎಸೆತ ಎಂದು ಬರೆದಿಡಿ.
• ನೋವು ಎಂದರೆ ಬೈಯಬೇಡಿ. ಬೈದರೆ ಮುಂದಿನ ಸಲ ಹೇಳುವುದಿಲ್ಲ.
• ವಿಶ್ರಾಂತಿ ಕೊಟ್ಟರೂ ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿಸಿ ಆಡಿಸಬೇಡಿ.
• ವರ್ಷದಲ್ಲಿ ಕೆಲವು ತಿಂಗಳು ಬೌಲಿಂಗ್‌ಗೆ ಪೂರ್ತಿ ರಜೆ ಕೊಡಿ.

ಛಲ ಒಳ್ಳೆಯದೇ. ಆದರೆ ಆ ಛಲಕ್ಕೆ ಎಲ್ಲಿ ತಡೆ ಹಾಕಬೇಕು ಎಂದು ಹದಿನಾರರ ಹುಡುಗನಿಗೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ನಿಂತಿರುವ ದೊಡ್ಡವರಿಗೆ ಗೊತ್ತಿರಬೇಕು. ಮುಂದಿನ ಸಲ ಆ 250 ಎಸೆತದ ಸಂದೇಶ ಬಂದರೆ, ಅದರ ಜೊತೆ ಇದನ್ನೂ ಕಳುಹಿಸಿ.