ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಹದಿನೇಳಿಂಚು ರಿಮ್ಮು

ಮೊನ್ನೆ ಕಾರಿನ ಫೋಟೋ ಕಳಿಸಿದ್ದೇ ತಪ್ಪಾಯ್ತು. ಬೆಂಗಳೂರಿನಿಂದ ಇಂಜಿನಿಯರಿಂಗ್ ಕಾಲದ ಗೆಳೆಯ ಫೋನ್ ಮಾಡಿ ಶುರು ಹಚ್ಚಿಕೊಂಡ.

"ಮಗಾ, ಹದಿನೇಳು ಇಂಚು ಬಿಚ್ಚಿ ಹದಿನೈದು ಹಾಕಿದ್ಯಾ? ಎಲ್ರೂ ಮೇಲಕ್ಕೆ ಹೋಗ್ತಿದ್ರೆ ನೀನು ಕೆಳಗೆ ಇಳೀತಿದ್ಯಲ್ಲೋ! ಒಳ್ಳೇ ಎತ್ತಿನಗಾಡಿ ಥರ ಕಾಣ್ತಿದೆ."

ಆಗ ನಕ್ಕು ಸುಮ್ಮನಾದೆ. ಆಮೇಲೆ ರಾತ್ರಿಯೆಲ್ಲ ತಲೆಯಲ್ಲಿ ಅದೇ ಕೊರೀತಿತ್ತು. ಇವತ್ತು ಇಲ್ಲಿ ಕಾರಿಕೊಂಡುಬಿಡ್ತೀನಿ. ಕಾರು ಅಂದ್ರೆ ಆಗದವರು ಕ್ಷಮಿಸಿ, ಈ ಒಂದು ಸಲ ಸಹಿಸಿಕೊಳ್ಳಿ.

ಮೊದಲು ಸ್ವಲ್ಪ ಹಿನ್ನೆಲೆ. ನನ್ನದು 1999ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ತೂಕ ಹೆಚ್ಚೆಂದರೆ 1050 ಕಿಲೋ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ರಜಾ ದಿನ ಆಟೊಕ್ರಾಸ್, ವರ್ಷಕ್ಕೆ ಎರಡು-ಮೂರು ಸಲ ಟ್ರ್ಯಾಕ್ ಡೇ. ಆಟೊಕ್ರಾಸ್ ಅಂದ ತಕ್ಷಣ ಚಿಕ್ಕಮಗಳೂರು, ಕೊಡಗಿನ ಕಡೆಯವರಿಗೆ ಮಣ್ಣು, ಧೂಳು, ಹಾರುವ ಜಿಪ್ಸಿ ನೆನಪಾಗತ್ತೆ. ಅಮೆರಿಕದಲ್ಲಿ ಅದಲ್ಲ. ಇಲ್ಲಿ ದೊಡ್ಡ ಪಾರ್ಕಿಂಗ್ ಜಾಗದಲ್ಲೋ ಹಳೇ ವಿಮಾನದ ಪಟ್ಟಿಯಲ್ಲೋ ಕಿತ್ತಳೆ ಬಣ್ಣದ ಕೋನ್ ಇಟ್ಟು ದಾರಿ ಮಾಡ್ತಾರೆ. ಗಡಿಯಾರದ ವಿರುದ್ಧ ಓಟ, ಸುಮಾರು ಒಂದು ನಿಮಿಷದಲ್ಲಿ ಮುಗಿಯತ್ತೆ. ಒಂದು ಕೋನ್ ಬೀಳಿಸಿದ್ರೆ ಎರಡು ಸೆಕೆಂಡು ದಂಡ. ನನ್ನ ಕಾರಿನಲ್ಲಿ ಬಹುಪಾಲು ಎರಡನೇ ಗೇರಿನಲ್ಲೇ ಎಲ್ಲ ಮುಗಿಯತ್ತೆ.

ಈ ಕಾರಿಗೆ ಕಂಪನಿ ಕೊಟ್ಟಿದ್ದು 14 ಅಥವಾ 15 ಇಂಚಿನ ರಿಮ್. ನನಗೆ ಸಿಕ್ಕಾಗ ಇದ್ದಿದ್ದು 17. ಹಳೇ ಮಾಲೀಕ ಶೋಕಿಗೆ ಹಾಕಿಸಿದ್ದ. ಸುಳ್ಳು ಯಾಕೆ ಹೇಳಲಿ, ಆ ರಿಮ್ ನೋಡಿಯೇ ನಾನು ಕಾರು ತಗೊಂಡಿದ್ದು. ಟೈರು ಅಂದ್ರೆ ರಿಮ್ಮಿಗೆ ಕಪ್ಪು ರಿಬ್ಬನ್ ಕಟ್ಟಿದ ಹಾಗಿತ್ತು. ನಿಂತಿದ್ರೂ ಓಡ್ತಿರೋ ಹಾಗೆ ಕಾಣ್ತಿತ್ತು!

ಮೊದಲ ಟ್ರ್ಯಾಕ್ ಡೇ ಥಂಡರ್‌ಹಿಲ್‌ನಲ್ಲಿ. ಅಲ್ಲಿ ಎರಡನೇ ತಿರುವು ಎಡಕ್ಕೆ, ಉದ್ದಕ್ಕೆ, ಮುಗಿಯೋದೇ ಇಲ್ಲ ಅನ್ನಿಸೋ ಹಾಗೆ. ಮೂರನೇ ಸುತ್ತಿನಲ್ಲಿ ಹಿಂದಿನ ಟೈರು ಯಾವ ಮುನ್ಸೂಚನೆಯೂ ಇಲ್ಲದೆ ಕೈಬಿಡ್ತು. ಕಿರುಚೋದು ಇಲ್ಲ, ನಿಧಾನಕ್ಕೆ ಜಾರೋದು ಇಲ್ಲ. ಹಿಡಿದಿತ್ತು, ಮರುಕ್ಷಣ ಹಿಡಿದಿರಲಿಲ್ಲ. ಕಾರು ಒಂದೂವರೆ ಸುತ್ತು ತಿರುಗಿ ಹುಲ್ಲಿನಲ್ಲಿ ನಿಂತಾಗ ನಾನು ಬಂದ ದಾರಿಯನ್ನೇ ನೋಡ್ತಾ ಕೂತಿದ್ದೆ. ಹುಲ್ಲಿನ ಜಾಗದಲ್ಲಿ ಗೋಡೆ ಇದ್ದಿದ್ರೆ ಈ ಬರಹ ಇರ್ತಿರಲಿಲ್ಲ. ಹೆಚ್ಚಿನ ಕಾರು ವಿಮೆಗಳು ಟ್ರ್ಯಾಕಿನಲ್ಲಾದ ಪೆಟ್ಟಿಗೆ ದುಡ್ಡು ಕೊಡಲ್ಲ ಅನ್ನೋದು ಬೇರೆ ಮಾತು. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಸಂಜೆ ಟೈರಿನ ಪಕ್ಕದಲ್ಲಿದ್ದ ನಾಲ್ಕು ಅಂಕಿ ನೋಡಿದೆ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಟೈರಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು. ಗಾಡಿ ಆಳವಾಗಿಯೇ ಇತ್ತು, ರಬ್ಬರ್ ಮಾತ್ರ ಒಣಗಿ ಕಟ್ಟಿಗೆ ಆಗಿತ್ತು. ಅಂಗಡಿಗೆ ಹೋದೆ. 17 ಇಂಚಿಗೆ ಒಳ್ಳೆಯ ಅಂಟು ಟೈರು ಕೇಳಿದ್ರೆ ರೇಟು ಕೇಳಿ ತಲೆ ತಿರುಗ್ತು. "ಇದೂ ಲೋ ಪ್ರೊಫೈಲೇ, ಸ್ಪೋರ್ಟ್ಸ್ ಟೈರೇ" ಅಂತ ಅಗ್ಗದ್ದೊಂದು ತೋರಿಸಿದ. ಅದನ್ನೇ ಹಾಕಿಸಿಕೊಂಡು ಬಂದೆ. ಜುಟ್ಟಿನ ಮಲ್ಲಿಗೆಗೆ ಖರ್ಚು ಮಾಡಿದವನ ಹೊಟ್ಟೆಗೆ ಹಿಟ್ಟು ಎಲ್ಲಿಂದ ಬರಬೇಕು?

ಮುಂದಿನ ತಿಂಗಳ ಆಟೊಕ್ರಾಸ್‌ನಲ್ಲಿ ನನ್ನಂಥದೇ ಕಾರು ತಂದಿದ್ದ ಅರವತ್ತು ದಾಟಿದ ಯಜಮಾನರೊಬ್ಬರು ನನ್ನನ್ನ ನಾಲ್ಕು ಸೆಕೆಂಡಿನಿಂದ ಸೋಲಿಸಿದರು. ಅವರದ್ದು 15 ಇಂಚು, ಪೇಂಟ್ ಕಿತ್ತುಹೋದ ರಿಮ್. ದಿನದ ಕೊನೆಗೆ ಅವರೇ ಕರೆದು, "ನನ್ನ ಚಕ್ರ ಹಾಕ್ಕೊಂಡು ಒಂದು ಓಟ ಓಡು" ಅಂದರು. ಹಾಕಿಕೊಂಡೆ. ಅದೇ ಕಾರು, ಅದೇ ದಾರಿ, ಅದೇ ಡ್ರೈವರ್. 63.4 ಇದ್ದಿದ್ದು 60.9 ಆಯ್ತು.

ಇಂಜಿನಿಯರ್ ಓದುಗರು ಈಗಾಗಲೇ ಕೈ ಎತ್ತಿರ್ತೀರಿ, "ಇದು ಸರಿಯಾದ ಪ್ರಯೋಗ ಅಲ್ಲ, ರಿಮ್ಮೂ ಬದಲಾಗಿದೆ, ರಬ್ಬರೂ ಬದಲಾಗಿದೆ" ಅಂತ. ಒಪ್ಪಿದೆ. ಆದರೆ ನನ್ನ ವಾದ ಇರೋದೇ ಅಲ್ಲಿ. ರಿಮ್ಮಿಗೆ ಕೊಟ್ಟ ದುಡ್ಡು ರಬ್ಬರಿನಿಂದ ಕಿತ್ತುಕೊಂಡ ದುಡ್ಡು. ಮನೆಗೆ ಬಂದು ಬಚ್ಚಲುಮನೆಯ ತೂಕದ ಮಷೀನಿನ ಮೇಲೆ ಚಕ್ರ ಇಟ್ಟೆ. ನನ್ನದು 18 ಕಿಲೋ. ಮುಂದೆ ನಾನೇ ತಗೊಂಡ 15 ಇಂಚಿನದು ಟೈರು ಸೇರಿ 15 ಕಿಲೋಗಿಂತ ಸ್ವಲ್ಪ ಕಮ್ಮಿ. ನಾಲ್ಕು ಚಕ್ರಕ್ಕೆ ಹನ್ನೆರಡು ಕಿಲೋಗೂ ಮೀರಿ, ಅದೂ ಸ್ಪ್ರಿಂಗಿನ ಕೆಳಗೆ, ತಿರುಗುವ ಭಾಗದಲ್ಲಿ.

ಈಗ ಲೋ ಪ್ರೊಫೈಲ್ ಭಕ್ತರ ವಾದಗಳನ್ನ ಒಂದೊಂದಾಗಿ ನೋಡೋಣ.

"ಸೈಡ್‌ವಾಲ್ ಕಮ್ಮಿ ಇದ್ರೆ ಸ್ಟೀರಿಂಗ್ ಚುರುಕು." ನಿಜ. ಆದರೆ ಚುರುಕು ಬೇರೆ, ಹಿಡಿತ ಬೇರೆ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂಗು ತಿರುಗೋದು ಖುಷಿ ಕೊಡತ್ತೆ, ಆಮೇಲೆ ರಸ್ತೆಗೆ ಅಂಟಿಕೊಳ್ಳಬೇಕಾದ್ದು ರಬ್ಬರ್. ಸೈಡ್‌ವಾಲ್ ಅಂದ್ರೆ ಬರೀ ಗೋಡೆಯಲ್ಲ, ಅದೂ ಒಂದು ಸ್ಪ್ರಿಂಗು. ಏರುಪೇರಿನ ಮೇಲೆ ರಬ್ಬರನ್ನ ನೆಲಕ್ಕೆ ಒತ್ತಿ ಹಿಡಿಯೋದರಲ್ಲಿ ಅದಕ್ಕೂ ಪಾಲಿದೆ. ಜೊತೆಗೆ ಆಟೊಕ್ರಾಸಿಗೆ ಅಂತಲೇ ಮಾಡಿದ ಟೈರುಗಳ ಸೈಡ್‌ವಾಲ್ ಮೊದಲೇ ಬಿಗಿ.

"ರೇಸ್ ಕಾರುಗಳೆಲ್ಲ ದೊಡ್ಡ ರಿಮ್ಮೇ ಹಾಕೋದು." ಫಾರ್ಮುಲಾ ಒನ್ ಕಾರುಗಳು 2021ರವರೆಗೂ ಓಡಿದ್ದು 13 ಇಂಚಿನ ರಿಮ್ಮಿನಲ್ಲಿ, ಬನ್ನಿನಂಥ ದಪ್ಪ ಟೈರಿನಲ್ಲಿ. 18 ಇಂಚು ಬಂದಿದ್ದು 2022ರಲ್ಲಿ. ಅಮೆರಿಕದ ನ್ಯಾಸ್ಕಾರ್ ಕೂಡ 2021ರವರೆಗೆ 15 ಇಂಚು. ಅದು ನಿಯಮದ ಕಟ್ಟುಪಾಡು ಅಂತೀರಾ? ಹೌದು, ಆದರೆ 13 ಇಂಚಿನಲ್ಲಿ ವೇಗ ಅಸಾಧ್ಯ ಅಂತಿದ್ರೆ ಅಷ್ಟು ವರ್ಷ ಅವರು ಏನು ಆಮೆ ಓಟ ಓಡ್ತಿದ್ರಾ? ಭಾರೀ ಜಿಟಿ ಕಾರುಗಳಿಗೆ ದೊಡ್ಡ ರಿಮ್ ಬೇಕು, ಯಾಕಂದ್ರೆ ಒಳಗೆ ದೊಡ್ಡ ಬ್ರೇಕ್ ಇದೆ. ನನ್ನ ಮಿಯಾಟಾದ ಬ್ರೇಕ್ 14ರ ಒಳಗೇ ಕೂರತ್ತೆ. ಇನ್ನೊಂದು ಸಾಕ್ಷಿ: ಇದೇ ಕಾರುಗಳು ಪರಸ್ಪರ ಓಡುವ ಸ್ಪೆಕ್ ಮಿಯಾಟಾ ರೇಸಿನ ಟೈರು 205/50, ರಿಮ್ 15 ಇಂಚು.

"ದೊಡ್ಡ ರಿಮ್ ಇದ್ರೆ ಟೈರು ಅಗಲ ಸಿಗತ್ತೆ." ಎತ್ತರ ಬೇರೆ, ಅಗಲ ಬೇರೆ ಸ್ವಾಮಿ! ಇಲ್ಲೇ ಎಷ್ಟೋ ಜನ ಎಡವೋದು. 195/50 ಅಂದ್ರೆ ಅಗಲ 195 ಮಿ.ಮೀ., ಸೈಡ್‌ವಾಲ್ ಅದರ ನೂರಕ್ಕೆ 50, ಅಂದ್ರೆ 97.5 ಮಿ.ಮೀ. ಈಗ 225/45 ನೋಡಿ. 45 ಅಂದಾಕ್ಷಣ ಇನ್ನೂ ಗಿಡ್ಡ ಅನ್ನಿಸತ್ತೆ. ಗುಣಿಸಿದ್ರೆ 101 ಮಿ.ಮೀ. ದಾಟತ್ತೆ! "ಲೋ ಪ್ರೊಫೈಲ್" ಅನ್ನೋ ಸಂಖ್ಯೆ ಎತ್ತರವಲ್ಲ, ಅನುಪಾತ. 225/45ರ 15 ಇಂಚಿನ ಟೈರು, ಅದಕ್ಕೆ ತಕ್ಕ ಅಗಲದ ರಿಮ್, ಎರಡೂ ಅಂಗಡಿಯಲ್ಲಿ ಸಿಗತ್ತೆ. ಅಗಲ ಬೇಕಾ, ರಿಮ್ ಅಗಲ ಮಾಡಿ, ಎತ್ತರ ಯಾಕೆ?

ಇನ್ನು ಗೇರಿನ ಲೆಕ್ಕ. 195/50ರ 15 ಇಂಚಿನ ಟೈರಿನ ಒಟ್ಟು ವ್ಯಾಸ 576 ಮಿ.ಮೀ. ನನ್ನ ಹಳೇ 205/40ರ 17 ಇಂಚಿನದು 596. ಟೈರು ನೂರಕ್ಕೆ ಮೂರೂವರೆ ದೊಡ್ಡದಾದ್ರೆ ಎಲ್ಲ ಗೇರೂ ಅಷ್ಟೇ ಉದ್ದ, ಎಳೆತ ಅಷ್ಟೇ ಕಮ್ಮಿ. ಮೊದಲೇ 140 ಕುದುರೆಯ ಕಾರು. ಅದರಲ್ಲಿ ನಾಲ್ಕೈದು ಕುದುರೆಗೆ ಉಪವಾಸ ಹಾಕಿದ ಹಾಗಾಯ್ತು.

ಹಾಗಾದ್ರೆ ನೋಡಬೇಕಾದ್ದು ಏನು? ಬಿಸಿ. ಆಟೊಕ್ರಾಸ್ ಒಂದು ನಿಮಿಷದ ಕೆಲಸ, ಟೈರು ತಣ್ಣಗಿದ್ದಾಗಲೇ ಹಿಡೀಬೇಕು. ಯೊಕೊಹಾಮಾ ಎ052, ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಥರದವು ಬೇಗ ಎಚ್ಚರಗೊಳ್ಳತ್ತವೆ. ಟ್ರ್ಯಾಕಿನಲ್ಲಿ ಒಂದೇ ಸಮ ಇಪ್ಪತ್ತು ನಿಮಿಷ ಓಡಿಸಿದ್ರೆ ಅವು ಬಿಸಿಯಾಗಿ ಬೆಣ್ಣೆ ಆಗಬಹುದು. ಹ್ಯಾಂಕುಕ್ ಆರ್‌ಎಸ್4 ಎಚ್ಚರಗೊಳ್ಳೋಕೆ ಸ್ವಲ್ಪ ಸತಾಯಿಸತ್ತೆ, ಆದರೆ ಬಿಸಿ ತಡೆಯತ್ತೆ, ಬಾಳಿಕೆಯೂ ಜಾಸ್ತಿ. ಎರಡೂ ಆಟಕ್ಕೆ ಒಂದೇ ಸೆಟ್ ಸಾಕು ಅನ್ನೋ ನನ್ನಂಥ ಬಡಪಾಯಿಗೆ ಎರಡನೆಯದು. ಟೈರಿನ ಮೇಲೆ ಬರೆದಿರೋ ಟ್ರೆಡ್‌ವೇರ್ ಸಂಖ್ಯೆ ನೋಡಿ. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದ ಸ್ಟ್ರೀಟ್ ವಿಭಾಗದಲ್ಲಿ ಅದು ಕನಿಷ್ಠ 200 ಇರಲೇಬೇಕು. ಆದರೆ ಅದನ್ನೇ ವೇದವಾಕ್ಯ ಅಂದ್ಕೋಬೇಡಿ. ಆ ಅಂಕಿ ಹಾಕೋದು ಟೈರು ಕಂಪನಿಯೇ, ತಮ್ಮ ಪರೀಕ್ಷೆಗೆ ತಾವೇ ಮಾರ್ಕ್ಸ್ ಹಾಕಿಕೊಂಡ ಹಾಗೆ.

ಆಮೇಲೆ ಗಾಳಿ. ಇದಕ್ಕೆ ಬೇಕಾದ್ದು ಒಂದು ಗೇಜು, ಒಂದು ಸೀಮೆಸುಣ್ಣ. ಟೈರಿನ ಅಂಚಿನಿಂದ ಸೈಡ್‌ವಾಲ್ ಕಡೆಗೆ ಸುಣ್ಣದಲ್ಲಿ ಗೆರೆ ಎಳೀರಿ. ಓಡಿಸಿ ಬಂದು ನೋಡಿ. ಗೆರೆ ಸೈಡ್‌ವಾಲ್‌ವರೆಗೂ ಅಳಿಸಿದ್ರೆ ಟೈರು ಮಗುಚ್ತಿದೆ, ಗಾಳಿ ಕಮ್ಮಿ. ಅಂಚಿನಲ್ಲೂ ಗೆರೆ ಹಾಗೇ ಇದ್ರೆ ಗಾಳಿ ಜಾಸ್ತಿ. ಮೇಷ್ಟ್ರ ಸುಣ್ಣದ ಕಡ್ಡಿ ಕಲಿಸೋದನ್ನ ಎಷ್ಟು ದೊಡ್ಡ ರಿಮ್ಮೂ ಕಲಿಸಲ್ಲ.

ನನ್ನ ಲೆಕ್ಕ ಇಷ್ಟೇ. ಬ್ರೇಕ್ ತಾಗದಷ್ಟು ಚಿಕ್ಕ ರಿಮ್, ನಿಯಮ ಒಪ್ಪುವಷ್ಟು ಅಗಲ, ಜೇಬು ತಡೆಯುವಷ್ಟು ಒಳ್ಳೆಯ ರಬ್ಬರ್, ಉಳಿದ ದುಡ್ಡೆಲ್ಲ ಪ್ರವೇಶ ಶುಲ್ಕಕ್ಕೆ. ನಾನು ಹದಿನೇಳು ಮಾರಿ ಬಂದ ದುಡ್ಡಿನಲ್ಲಿ ಹದಿನೈದರ ಹಳೇ ರಿಮ್ ಬಂತು, ಮೇಲೆ ಎರಡು ಆಟೊಕ್ರಾಸಿನ ಫೀಸೂ ಉಳೀತು. ಯಜಮಾನರು ಈಗಲೂ ನನ್ನ ಮುಂದೇ ಇದ್ದಾರೆ, ಒಂದೂವರೆ ಸೆಕೆಂಡು. ಅದು ಟೈರಿನದ್ದಲ್ಲ, ನನ್ನದು. ಅದು ಗೊತ್ತಾಗಿದ್ದೇ ಲಾಭ. ಮುಂಚೆ ತಪ್ಪು ಯಾರದು ಅಂತಲೇ ತಿಳೀತಿರಲಿಲ್ಲ. ಥಂಡರ್‌ಹಿಲ್‌ನ ಅದೇ ತಿರುವಿಗೆ ಮತ್ತೆ ಹೋಗಿದ್ದೆ. ಟೈರು ಕೈಬಿಡೋ ಮುಂಚೆ ಕಿರುಚಿ ಹೇಳ್ತು, ನಾನು ಕೇಳಿಸಿಕೊಂಡೆ, ಕಾರು ರಸ್ತೆ ಮೇಲೇ ಇತ್ತು.

ಶೋಕಿಗೆ ಹಾಕ್ತೀನಿ ಅಂದ್ರೆ ಹಾಕಿ, ನನ್ನದೇನೂ ತಕರಾರಿಲ್ಲ. ಬೆಂಗಳೂರಿನ ಹಳ್ಳಗಳು ನಿಮ್ಮ ರಿಮ್ಮನ್ನ ನೋಡಿಕೊಳ್ಳತ್ತವೆ. ಆದರೆ "ವೇಗಕ್ಕೆ ಹಾಕಿದೀನಿ" ಅಂತ ಮಾತ್ರ ಹೇಳಬೇಡಿ, ಅದನ್ನ ನಂಬಿ ಹೊಸ ಹುಡುಗನೊಬ್ಬ ಟ್ರ್ಯಾಕಿಗೆ ಹೋಗ್ತಾನೆ. ಹುಲ್ಲು ಎಲ್ಲ ತಿರುವಿನಲ್ಲೂ ಇರಲ್ಲ.

ಇನ್ನು ನನ್ನ ಗೆಳೆಯನಿಗೆ ಒಂದು ಮಾತು. ಮಗಾ, ಎತ್ತಿನಗಾಡಿ ಚಕ್ರ ಸರಿಯಾಗಿ ನೋಡಿದ್ಯಾ? ಆಳೆತ್ತರದ ಚಕ್ರ, ಸುತ್ತ ಒಂದು ಕಬ್ಬಿಣದ ಪಟ್ಟಿ, ಸೈಡ್‌ವಾಲ್ ಸೊನ್ನೆ. ಅದಕ್ಕಿಂತ ಲೋ ಪ್ರೊಫೈಲ್ ಯಾವುದಿದೆಯೋ? ಎತ್ತಿನಗಾಡಿ ಓಡಿಸ್ತಿರೋದು ನಾನಲ್ಲ ಕಣೋ, ನೀನು!