ಪೀಪಾಯಿಯ ಬಾಯಲ್ಲೇ ಪರೀಕ್ಷೆ ನಡೆಯಲಿ

ಅಪಾಯಕಾರಿ ತ್ಯಾಜ್ಯವೆಂದೊಡನೆ ಏಲೂರು, ಅಂಬಲಮೇಡುಗಳ ಕಾರ್ಖಾನೆಗಳು ನಮ್ಮ ಕಣ್ಮುಂದೆ ಬರುತ್ತವೆ. ಕಾಫಿ, ಕರಿಮೆಣಸು, ಶುಂಠಿ ಬೆಳೆಯುವ ವಯನಾಡಿಗೂ ಅದಕ್ಕೂ ಏನು ಸಂಬಂಧವೆಂದು ಕೇಳುವವರು ನಮ್ಮಲ್ಲಿ ಕಡಿಮೆಯಲ್ಲ. ಆದರೆ ಕಲ್ಪೆಟ್ಟ, ಮಾನಂತವಾಡಿ, ಸುಲ್ತಾನ್ ಬತ್ತೇರಿಗಳ ವರ್ಕ್‌ಶಾಪುಗಳಲ್ಲಿ ವಾಹನಗಳಿಂದ ಇಳಿಸಿದ ಹಳೆ ಎಣ್ಣೆ, ಬಣ್ಣದ ಕೆಲಸದಲ್ಲಿ ಮಿಕ್ಕ ಥಿನ್ನರ್, ತೋಟಗಳಲ್ಲಿ ಉಳಿದ ಕೀಟನಾಶಕದ ಡಬ್ಬಿಗಳು ದಿನಂಪ್ರತಿ ಸೇರುತ್ತಲೇ ಇವೆ. ಒಂದೇ ಕಡೆ ಬೆಟ್ಟದಂತೆ ಬೀಳುವುದಿಲ್ಲವಾದ್ದರಿಂದ ಇವು ಯಾರ ಕಣ್ಣಿಗೂ ಬೀಳುತ್ತಿಲ್ಲ, ಅಷ್ಟೆ.

ಈ ತ್ಯಾಜ್ಯಗಳಲ್ಲಿ ಬಹಳಷ್ಟು, ನೆಲ ನೀರುಗಳಿಗೆ ಸೇರುವ ಮೊದಲೇ ಗಾಳಿಗೆ ಸೇರುತ್ತವೆ. ಬೆಂಜೀನ್, ಟೊಲ್ಯೂಯೀನ್, ಕ್ಸೈಲೀನ್ ಮೊದಲಾದ ಸಾವಯವ ರಾಸಾಯನಿಕಗಳು ಬೆಂಕಿ ಇಲ್ಲದೆಯೇ ಆವಿಯಾಗುತ್ತವೆ. ಇಲ್ಲಿ ಸಾವಯವವೆಂದರೆ ಹಟ್ಟಿಗೊಬ್ಬರದ ಮಾತಲ್ಲ, ಇಂಗಾಲ ಮೂಲದ ರಾಸಾಯನಿಕಗಳೆಂದಷ್ಟೇ ಅರ್ಥ. ಪೀಪಾಯಿಯ ಮುಚ್ಚಳ ತೆರೆದಿಟ್ಟರೆ, ಒಂದರಿಂದ ಇನ್ನೊಂದಕ್ಕೆ ಸುರಿದರೆ, ಬಿಸಿಲಲ್ಲಿಟ್ಟರೆ ಆವಿ ಹೆಚ್ಚುತ್ತದೆ. ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂಬುದು ಸಿದ್ಧವಾದ ಸಂಗತಿ. ನಮ್ಮ ದೇಶದಲ್ಲೇ 2009ರಲ್ಲಿ ಹೊರಡಿಸಿದ ವಾಯು ಗುಣಮಟ್ಟದ ಮಾನದಂಡದಲ್ಲಿ, ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂಗಿಂತ ಹೆಚ್ಚು ಬೆಂಜೀನ್ ಇರಬಾರದೆಂದು ಹೇಳಲಾಗಿದೆ.

ಹಾಗಾದರೆ ಪರೀಕ್ಷೆ ಎಲ್ಲಿ ನಡೆಯಬೇಕು? ಸುಡುವ ಕೇಂದ್ರದ ಚಿಮಿಣಿಯಲ್ಲಿ ಅಳೆಯುವುದು ಬೇಕೇ ಬೇಕು. ಆದರೆ ದಾರಿಯುದ್ದಕ್ಕೂ ಆವಿಯಾಗಿ ಹೋದದ್ದು ಚಿಮಿಣಿಯವರೆಗೆ ತಲಪುವುದೇ ಇಲ್ಲ. ಅಮೇರಿಕದಲ್ಲಿ 1994ರ ಡಿಸೆಂಬರಿನಲ್ಲಿ ಹೊರಡಿಸಿದ ನಿಯಮಗಳು ಈ ವಿಷಯದಲ್ಲಿ ಗಮನಾರ್ಹವಾಗಿವೆ. ತ್ಯಾಜ್ಯ ಹುಟ್ಟಿದ ಸ್ಥಳದಲ್ಲೇ, ಬೇರೆ ಯಾವುದರೊಂದಿಗೂ ಬೆರೆಯುವ ಮೊದಲು, ಅದರಲ್ಲಿ ಆವಿಯಾಗುವ ಅಂಶವೆಷ್ಟೆಂದು ತಿಳಿಯಬೇಕು. ತೂಕದಲ್ಲಿ ಹತ್ತು ಲಕ್ಷಕ್ಕೆ 500 ಪಾಲು, ಅಂದರೆ ಒಂದು ಕಿಲೋಗ್ರಾಮಿಗೆ ಅರ್ಧ ಗ್ರಾಂ, ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ತ್ಯಾಜ್ಯವನ್ನು ಮುಚ್ಚಿದ ಟ್ಯಾಂಕು, ಪೀಪಾಯಿಗಳಲ್ಲೇ ಇಡಬೇಕೆಂಬುದು ಅಲ್ಲಿನ ಸಾಮಾನ್ಯ ಕಟ್ಟಳೆ. ನೀರು ಬೆರೆಸಿ ಪ್ರಮಾಣವನ್ನು ತಗ್ಗಿಸಿ ತೋರಿಸುವ ಕುಯುಕ್ತಿಗೆ ಅಲ್ಲಿ ಎಡೆಯಿಲ್ಲ. ಮಾದರಿ ತೆಗೆಯುವುದರಲ್ಲೂ ಎಚ್ಚರ ಬೇಕು. ಬಾಟಲಿಯಲ್ಲಿ ಗಾಳಿಗೆ ಜಾಗ ಬಿಡದೆ ತುಂಬಿ, ತಣ್ಣಗಿರಿಸಿ ಒಯ್ಯದಿದ್ದರೆ, ಅಳೆಯಬೇಕಾದದ್ದೇ ಪ್ರಯೋಗಾಲಯ ಸೇರುವಷ್ಟರಲ್ಲಿ ಹಾರಿಹೋಗಿರುತ್ತದೆ.

ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳೂ ಸುಮ್ಮನಿಲ್ಲ. ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ತ್ಯಾಜ್ಯವನ್ನು ಕೂಡಿಡುವಂತಿಲ್ಲ. ಪೀಪಾಯಿಗೆ ಗುರುತಿನ ಚೀಟಿ ಬೇಕು, ಸಾಗಾಟಕ್ಕೆ ದಾಖಲೆ ಬೇಕು. ಕಾಗದದಲ್ಲಿರುವ ನಿಯಮ ಗೋದಾಮಿನ ಬಾಗಿಲವರೆಗೆ ಬರುತ್ತಿದೆಯೇ ಎಂಬುದೇ ಪ್ರಶ್ನೆ.

ತಡಮಾಡಿದರೆ ಏನಾಗುತ್ತದೆಂಬುದಕ್ಕೆ ನಮ್ಮವರೇ ಆದ ಕಾಸರಗೋಡಿನ ಕನ್ನಡಿಗರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. ಆದರೆ ಸಿಂಪಡಿಸದೆ ಉಳಿದದ್ದು ತೋಟಗಾರಿಕಾ ನಿಗಮದ ಗೋದಾಮುಗಳಲ್ಲೇ ಕುಳಿತಿತ್ತು. ಹಳೆಯ ಪೀಪಾಯಿಗಳಿಂದ ಅದನ್ನು ಹೊಸ ಪೀಪಾಯಿಗಳಿಗೆ ಬದಲಾಯಿಸಿದ್ದು 2012ರಲ್ಲಿ. ಇಂತಹ ಕೀಟನಾಶಕಗಳನ್ನು ಕರಗಿಸಲು ಬಳಸುವ ದ್ರಾವಕಗಳು ಸುಲಭವಾಗಿ ಆವಿಯಾಗುವಂಥವು. ಸಿಂಪಡಣೆ ನಿಂತರೆ ವಿಷವೂ ನಿಂತಿತೆಂದು ತಿಳಿಯುವುದು ತಪ್ಪೆಂಬ ಪಾಠವನ್ನು ಆ ಗೋದಾಮುಗಳು ಕಲಿಸಿವೆ.

ವಯನಾಡಿಗೆ ತನ್ನದೇ ಆದ ಕಷ್ಟವೂ ಇದೆ. ಕಣಿವೆಗಳಲ್ಲಿ ಮಂಜು ಕವಿದ ಚಳಿಗಾಲದ ಬೆಳಗ್ಗೆ ಗಾಳಿ ಮೇಲೇರದೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಅದರೊಂದಿಗೆ ಆವಿಯೂ ನಿಲ್ಲುತ್ತದೆ. ಅದನ್ನು ಮೊದಲು ಉಸಿರಾಡುವವರು ಗುಜರಿ ಕೆಲಸದವರು, ವರ್ಕ್‌ಶಾಪಿನ ಹುಡುಗರು, ಮನೆಮನೆಯಿಂದ ತ್ಯಾಜ್ಯ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಣ್ಣುಮಕ್ಕಳು. ಇನ್ನೊಂದೆಡೆ, ಕೇರಳದಿಂದ ಬಂದ ತ್ಯಾಜ್ಯದ ಲಾರಿಗಳನ್ನು ಗುಂಡ್ಲುಪೇಟೆ ಕಡೆಯಲ್ಲಿ ತಡೆದ ಸುದ್ದಿ ಮತ್ತೆ ಮತ್ತೆ ಬಂದಿದೆ. ಮುತ್ತಂಗದ ಆಚೆಗೂ ಈಚೆಗೂ ನೆಂಟಸ್ತಿಕೆ ಉಳ್ಳ ನಮಗೆ ಇದು ಎರಡು ಪಟ್ಟು ನಾಚಿಕೆಯ ವಿಷಯ. ನಮ್ಮ ಅಂಗಳದ ಕಸವನ್ನು ನೆಂಟರ ಅಂಗಳಕ್ಕೆ ಗುಡಿಸುವುದು ಯಾವ ಊರಿನ ಮರ್ಯಾದೆ?

ಪರೀಕ್ಷೆಗೆ ಖರ್ಚಾಗುತ್ತದೆ, ಸಣ್ಣ ವರ್ಕ್‌ಶಾಪಿನವರು ಹೇಗೆ ತಾಳಿಯಾರು ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಹುರುಳಿದೆ. ಡಬ್ಬಿ ಡಬ್ಬಿಯನ್ನೂ ಪ್ರಯೋಗಾಲಯಕ್ಕೆ ಹೊರಬೇಕೆಂದು ನಾವು ಹೇಳುತ್ತಿಲ್ಲ. ತ್ಯಾಜ್ಯದ ಮೂಲ ಗೊತ್ತಿದ್ದರೆ ಅದನ್ನು ಬರೆದು ಘೋಷಿಸಿದರೂ ಸಾಕು. ಸಂಶಯವಿದ್ದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯೇ ಮಾದರಿ ತೆಗೆದು ನೋಡಲಿ. ಗಟ್ಟಿಯಾದ ಮುಚ್ಚಳಕ್ಕಂತೂ ಯಾರ ಮನೆಯೂ ಮುಳುಗದು.

ಜಿಲ್ಲಾಡಳಿತದ ಮುಂದೆ ನಮ್ಮ ಬೇಡಿಕೆ ಮೂರು. ಒಂದು, ಜಿಲ್ಲೆಯಲ್ಲಿ ಇಂತಹ ತ್ಯಾಜ್ಯ ಸೇರುವ ಗೋದಾಮು, ಸಂಗ್ರಹ ಕೇಂದ್ರಗಳ ಪಟ್ಟಿ ತಯಾರಾಗಲಿ. ಎರಡು, ತ್ಯಾಜ್ಯ ಬೆರೆಯುವ ಮೊದಲೇ ಪರೀಕ್ಷೆಯಾಗಲಿ, ಪೀಪಾಯಿಗಳ ಸೋರಿಕೆಯನ್ನು ಉಪಕರಣದಿಂದ ನೋಡಲಿ. ಮೂಗು ಪರೀಕ್ಷೆಯ ಉಪಕರಣವಲ್ಲ. ಎಷ್ಟೋ ಆವಿಗಳು ವಾಸನೆ ಬರುವ ಮೊದಲೇ ಕೆಡುಕು ಮಾಡುತ್ತವೆ. ಮೂರು, ಫಲಿತಾಂಶಗಳನ್ನೂ ಎಚ್ಚರಿಕೆಯ ಫಲಕಗಳನ್ನೂ ಮಲೆಯಾಳದ ಜತೆಗೆ ಕನ್ನಡದಲ್ಲೂ ಹಾಕಲಿ. ಓದಲಾರದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ.

ನಮ್ಮ ಮನೆಗಳೂ ಕೈಕಟ್ಟಿ ಕೂರಬಾರದು. ಸಂವಿಧಾನದ 350ನೆಯ ಅನುಚ್ಛೇದವು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಹತ್ತಿರದ ಗೋದಾಮಿನಿಂದ ಕಟುವಾಸನೆ ಬಂದರೆ, ದಿನ, ವೇಳೆ, ಸ್ಥಳ ಬರೆದು ಕನ್ನಡದಲ್ಲೇ ದೂರು ಕೊಡೋಣ, ಪ್ರತಿಯನ್ನು ಇಟ್ಟುಕೊಳ್ಳೋಣ. ಕಾಸರಗೋಡಿನ ಹಳ್ಳಿಗಳು ತಮ್ಮ ನೋವನ್ನು ಲೋಕಕ್ಕೆ ತಿಳಿಸಲು ವರ್ಷಗಟ್ಟಲೆ ಹೆಣಗಬೇಕಾಯಿತು. ವಯನಾಡಿನ ಗಾಳಿಯ ಮಾತನ್ನು ಅದು ಕೆಡುವ ಮೊದಲೇ ಎತ್ತುವುದು ಜಾಣತನ, ಮುಂದಿನ ಮಕ್ಕಳಿಗೆ ನಾವು ಸಲ್ಲಿಸಬೇಕಾದ ಋಣವೂ ಹೌದು.